ಮೊದಲ ಮಾತ್ರೆಗೆ ಮುಂಚಿನ ವರ್ಷಗಳು

ನಮ್ಮ ದೊಡ್ಡಪ್ಪನ ಮಗನಿಗೆ ಸ್ಕಿಜೋಫ್ರೇನಿಯಾ ಇತ್ತು. ಅವನು ಶಿಕಾರಿಪುರ ತಾಲ್ಲೂಕಿನ ನಮ್ಮೂರು ಅಂಬ್ಲಿಗೊಳದಲ್ಲಿ ಬದುಕಿದ್ದಷ್ಟು ಕಾಲ ಊರಿನಲ್ಲಿ ಯಾರೂ ಆ ಕಾಯಿಲೆಯನ್ನು ಅದರ ಹೆಸರು ಹಿಡಿದು ಕರೆಯಲಿಲ್ಲ. ಗಾಳಿ ಸೋಕಿದೆ ಅಂದರು, ಚೌಡಿ ಕಾಟ ಅಂದರು, ಓದಿ ಓದಿ ತಲೆ ಕೆಟ್ಟಿತು ಅಂದರು. ಕೊನೆಕೊನೆಗೆ "ಅವನು ಸ್ವಲ್ಪ ಹಂಗೆ" ಎಂಬಲ್ಲಿಗೆ ನಿಲ್ಲಿಸಿದರು. ಅವನು ತೀರಿಕೊಂಡು ಕೆಲವು ವರ್ಷಗಳಾಗಿವೆ. ಅವನ ಹೆಸರು ಬೇಡ, ಕಾಯಿಲೆಯ ಹೆಸರು ಇರಲಿ ಎಂದು ಅವನ ತಂಗಿ ಹೇಳಿದ್ದಾಳೆ. ಹಾಗೆಯೇ ಬರೆಯುತ್ತಿದ್ದೇನೆ.

ಅದು 1978ರ ಆಸುಪಾಸು. ಅಣ್ಣ ಶಿಕಾರಿಪುರದಲ್ಲಿ ಪಿಯುಸಿ ಓದುತ್ತಿದ್ದ. ಲೆಕ್ಕದಲ್ಲಿ ಜಾಣ, ಕಬಡ್ಡಿಯಲ್ಲಿ ಚುರುಕು. ದಸರಾ ರಜೆಗೆ ಬಂದವನು ಮತ್ತೆ ಕಾಲೇಜಿಗೆ ಹೋಗಲಿಲ್ಲ. ಕೇಳಿದರೆ ಉತ್ತರವಿಲ್ಲ. ಸ್ನಾನ ಬಿಟ್ಟ, ಗೆಳೆಯರನ್ನು ಬಿಟ್ಟ, ಉಣ್ಣುವ ತಟ್ಟೆಯನ್ನು ಅಟ್ಟಕ್ಕೆ ಒಯ್ದು ಒಬ್ಬನೇ ಉಣ್ಣತೊಡಗಿದ. ಅಜ್ಜ ಸತ್ತಾಗ ಅವನ ಕಣ್ಣಲ್ಲಿ ನೀರು ಬರಲಿಲ್ಲ, ಮುಖದಲ್ಲಿ ದುಃಖವೂ ಕಾಣಲಿಲ್ಲ. ಮನೆಯವರು ಇದನ್ನು ಸೋಮಾರಿತನ ಎಂದುಕೊಂಡರು, ಸೊಕ್ಕು ಎಂದುಕೊಂಡರು. ದೊಡ್ಡಪ್ಪ ಬೈದರು, ಒಮ್ಮೆ ಹೊಡೆದರು. ಹೀಗೆ ಒಂದು ವರ್ಷ ಕಳೆಯಿತು.

ಈ ಕಾಯಿಲೆ ಬಹಳ ಸಲ ಹೀಗೇ ಸದ್ದಿಲ್ಲದೆ ಶುರುವಾಗುತ್ತದೆ. ಮಾತು, ಉತ್ಸಾಹ, ಭಾವನೆ, ಮೈ ಮೇಲಿನ ಗಮನ, ಹೀಗೆ ಇದ್ದದ್ದೆಲ್ಲ ಒಂದೊಂದಾಗಿ ಕಡಿಮೆಯಾಗುವುದನ್ನು ವೈದ್ಯರು ಋಣಾತ್ಮಕ ಲಕ್ಷಣ ಎನ್ನುತ್ತಾರೆ. ಇಲ್ಲದ್ದು ಬಂದು ಸೇರಿಕೊಳ್ಳುವುದು, ಅಂದರೆ ಯಾರೂ ಆಡದ ಮಾತು ಕೇಳಿಸುವುದು, ಯಾವ ಸಾಕ್ಷಿಗೂ ಜಗ್ಗದ ತಪ್ಪು ನಂಬಿಕೆ ಬೇರೂರುವುದು, ಮಾತಿನ ಎಳೆ ತಪ್ಪುವುದು, ಇವು ಧನಾತ್ಮಕ ಲಕ್ಷಣಗಳು. ಊರಿನ ಕಣ್ಣಿಗೆ ಬೀಳುವುದು ಈ ಎರಡನೆಯ ಗುಂಪು. ಮೊದಲನೆಯದನ್ನು ಕಾಯಿಲೆ ಎಂದು ಯಾರೂ ಲೆಕ್ಕಕ್ಕೇ ಹಿಡಿಯುವುದಿಲ್ಲ. ಗಂಡಸರಲ್ಲಿ ಇದು ಹೆಚ್ಚಾಗಿ ಹದಿಹರೆಯದ ಕೊನೆಯಿಂದ ಇಪ್ಪತ್ತೈದರೊಳಗೆ, ಹೆಂಗಸರಲ್ಲಿ ಅದಕ್ಕಿಂತ ಕೆಲವು ವರ್ಷ ತಡವಾಗಿ ಕಾಣಿಸಿಕೊಳ್ಳುತ್ತದೆ. ಓದು, ಕೆಲಸ, ಮದುವೆ ಎಲ್ಲವೂ ನಿರ್ಧಾರವಾಗುವ ವಯಸ್ಸು ಅದು.

ಮಾರನೆಯ ವರ್ಷ ಅಣ್ಣನಿಗೆ ಧ್ವನಿಗಳು ಕೇಳತೊಡಗಿದವು. ಭದ್ರಾವತಿ ಆಕಾಶವಾಣಿ ಮನೆಮನೆಯಲ್ಲೂ ಹಾಡುತ್ತಿದ್ದ ಕಾಲ ಅದು. ಒಂದು ಸಂಜೆ ಅವನು ರೇಡಿಯೊದ ಸೆಲ್ಲುಗಳನ್ನು ಕಿತ್ತು ಬಾವಿಗೆ ಎಸೆದ. ತನ್ನ ಮನಸ್ಸಿನಲ್ಲಿ ಇರುವುದನ್ನೇ ರೇಡಿಯೊದವರು ಓದಿ ಇಡೀ ಜಿಲ್ಲೆಗೆ ಕೇಳಿಸುತ್ತಿದ್ದಾರೆ ಎಂಬುದು ಅವನ ದೂರು. ರೇಡಿಯೊ ನಿಂತರೂ ಧ್ವನಿ ನಿಲ್ಲಲಿಲ್ಲ. ನಮ್ಮೂರ ಜಲಾಶಯದ ಏರಿಯ ಆಚೆಯಿಂದ ಇಬ್ಬರು ಅವನ ಒಂದೊಂದು ಚಲನವಲನವನ್ನೂ ವರದಿ ಮಾಡುತ್ತಿದ್ದರು. ಈಗ ಎದ್ದ, ಈಗ ನೀರು ಕುಡಿದ, ಈಗ ನಮ್ಮ ಕಡೆ ನೋಡಿದ. ನೀರಾವರಿ ಇಲಾಖೆಯವರು ತನ್ನನ್ನು ಹಿಡಿಯಲು ಕಾಲುವೆಯುದ್ದಕ್ಕೂ ತಂತಿ ಎಳೆದಿದ್ದಾರೆ ಎಂದು ರಾತ್ರಿಯೆಲ್ಲ ಎಚ್ಚರವಿರುತ್ತಿದ್ದ.

ನಾಲ್ಕು ದಶಕ ದಾಟಿದ ಮೇಲೆ ನಮ್ಮ ಪಕ್ಕದ ಕೇರಿಯ ಹುಡುಗನೊಬ್ಬ ಬೆಂಗಳೂರಿನ ಕೆಲಸ ಬಿಟ್ಟು ಊರಿಗೆ ಬಂದ. ಅವನು ಮೊಬೈಲಿನ ಕ್ಯಾಮೆರಾದ ಮೇಲೆ ಪ್ಲಾಸ್ಟರ್ ಅಂಟಿಸಿದ್ದ. ತಾನು ಅಂದುಕೊಂಡದ್ದೆಲ್ಲ ಬೇರೆಯವರ ವಾಟ್ಸಾಪ್‌ಗೆ ಹೋಗುತ್ತದೆ, ಫ್ಯಾಕ್ಟರಿಯಲ್ಲಿ ಜೊತೆಗಿದ್ದವರು ತನ್ನ ತಲೆಗೆ ಚಿಪ್ ಹಾಕಿಸಿದ್ದಾರೆ ಎನ್ನುತ್ತಿದ್ದ. ಅವನ ಮಾತು ಕೇಳಿದಾಗ ನನಗೆ ಅಣ್ಣನ ರೇಡಿಯೊ ನೆನಪಾಯಿತು. ಭ್ರಮೆ ತನಗೆ ಬೇಕಾದ ಸಾಮಾನನ್ನು ಆಯಾ ಕಾಲದಿಂದ ಎತ್ತಿಕೊಳ್ಳುತ್ತದೆ. ಚೌಡಿಯ ಕಾಲದಲ್ಲಿ ಚೌಡಿ, ರೇಡಿಯೊ ಕಾಲದಲ್ಲಿ ರೇಡಿಯೊ, ಈಗ ಮೊಬೈಲು. ಒಳಗಿನ ಕಾಯಿಲೆ ಅಂದಿನದೇ. ಮೊಬೈಲ್ ನೋಡಿ ನೋಡಿ ಹೀಗಾಯಿತು ಎಂದು ಇಂದು ಹೇಳುವವರು, ಓದಿ ಓದಿ ಹೀಗಾಯಿತು ಎಂದು ಅಂದು ಹೇಳಿದವರ ಮೊಮ್ಮಕ್ಕಳು.

ಅಣ್ಣನನ್ನು ಮನೆಯವರು ಸುಮ್ಮನೆ ಬಿಡಲಿಲ್ಲ, ಓಡಾಡಿಸಿದರು. ನಿಮಿತ್ತ ಕೇಳಿಸಿದರು, ಅಂತ್ರ ಕಟ್ಟಿಸಿದರು, ಚೌಡಿ ಬನದಲ್ಲಿ ಕೋಳಿ ಕೊಟ್ಟರು. ಶಿಕಾರಿಪುರದ ಹುಚ್ಚರಾಯಸ್ವಾಮಿಗೆ ಹರಕೆ ಹೊತ್ತರು, ಚಂದ್ರಗುತ್ತಿಯ ರೇಣುಕಾಂಬೆಯ ಗುಡ್ಡ ಹತ್ತಿಸಿದರು. ದೂರದ ಒಂದು ಕ್ಷೇತ್ರದಲ್ಲಿ ಸರಪಳಿ ಹಾಕಿ ಹಲವು ವಾರ ಕೂರಿಸಿದರು. ಅಲ್ಲಿಂದ ಬರುವಾಗ ಅವನ ಕಣಕಾಲಿನಲ್ಲಿ ಹುಣ್ಣಾಗಿತ್ತು. ಒಂದೂವರೆ ಎಕರೆ ಗದ್ದೆ ಅಡಮಾನಕ್ಕೆ ಹೋಯಿತು. ಅಣ್ಣ ಒಂದು ರಾತ್ರಿ ಕತ್ತಿ ಹಿಡಿದು ಏರಿಯ ಕಡೆ ಓಡಿದ ಮೇಲೆ ಅವನನ್ನು ಕೊಟ್ಟಿಗೆಯ ಕಂಬಕ್ಕೆ ಕಟ್ಟಿದರು. ದೊಡ್ಡವ್ವ ದಿನಕ್ಕೆ ಮೂರು ಸಲ ಅಲ್ಲಿಗೇ ಹೋಗಿ ಕೈಯಾರೆ ಉಣ್ಣಿಸುತ್ತಿದ್ದರು. ಕಟ್ಟಿದ ಕೈಯೂ ಉಣ್ಣಿಸಿದ ಕೈಯೂ ಒಂದೇ ಮನೆಯವು. ಹಳ್ಳಿಯ ಹಳೆಯ ಕಾಲ ಎಷ್ಟು ಚೆನ್ನಾಗಿತ್ತು ಎನ್ನುವವರು ಆ ಕಂಬವನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಮದುವೆ ಮಾಡಿದರೆ ಸರಿಹೋಗುತ್ತಾನೆ ಎಂದು ಹಿರಿಯರು ಹೇಳಿದರು. ಸ್ವಲ್ಪ ಶಾಂತನಾಗಿದ್ದ ಒಂದು ಬೇಸಿಗೆಯಲ್ಲಿ ಸೊರಬದ ಕಡೆಯ ಹೆಣ್ಣು ತಂದರು. ಆ ಮನೆಯವರಿಗೆ ಏನೂ ಹೇಳಲಿಲ್ಲ. ಅತ್ತಿಗೆ ಮಳೆಗಾಲ ಮುಗಿಯುವುದರೊಳಗೆ ತವರಿಗೆ ಹೋದರು, ಮತ್ತೆ ಬರಲಿಲ್ಲ. ಆ ಹೆಣ್ಣಿಗೆ ಆದ ಅನ್ಯಾಯವನ್ನು ಅಣ್ಣನ ಕಾಯಿಲೆಯ ಲೆಕ್ಕಕ್ಕೆ ಬರೆಯಬಾರದು. ಅದು ನಮ್ಮ ಮನೆತನದ ಲೆಕ್ಕ.

ಆಗ ಇದಕ್ಕೆ ಮದ್ದು ಇರಲಿಲ್ಲವೆಂದಲ್ಲ. ಸ್ಕಿಜೋಫ್ರೇನಿಯಾದ ಮೇಲೆ ನಿಜವಾಗಿ ಕೆಲಸ ಮಾಡಿದ ಮೊದಲ ಔಷಧ ಕ್ಲೋರ್‌ಪ್ರೊಮಝೀನ್. ಪ್ಯಾರಿಸ್ಸಿನ ಆಸ್ಪತ್ರೆಯೊಂದರಲ್ಲಿ ಡಿಲೇ ಮತ್ತು ಡೆನಿಕರ್ ಎಂಬ ವೈದ್ಯರು ಅದನ್ನು ಮನೋರೋಗಿಗಳಿಗೆ ಕೊಟ್ಟು ನೋಡಿದ್ದು 1952ರಲ್ಲಿ. ಮಿದುಳಿನಲ್ಲಿ ಡೋಪಮೈನ್ ಎಂಬ ರಾಸಾಯನಿಕದ ಅತಿಯಾದ ಚಟುವಟಿಕೆಯನ್ನು ಇಂಥ ಔಷಧಗಳು ತಗ್ಗಿಸುತ್ತವೆ ಎಂಬುದು ಆಮೇಲೆ ತಿಳಿಯಿತು. ಧಾರವಾಡದಲ್ಲಿ ಹತ್ತೊಂಬತ್ತನೆಯ ಶತಮಾನದಿಂದಲೂ ಮಾನಸಿಕ ಆಸ್ಪತ್ರೆ ಇತ್ತು. ಬೆಂಗಳೂರಿನ ಮಾನಸಿಕ ಆಸ್ಪತ್ರೆ ಮತ್ತು 1954ರಲ್ಲಿ ಅಲ್ಲಿ ಶುರುವಾದ ಅಖಿಲ ಭಾರತ ಸಂಸ್ಥೆ ಒಂದಾಗಿ 1974ರಲ್ಲಿ ನಿಮ್ಹಾನ್ಸ್ ಆಗಿತ್ತು. ಅಂದರೆ ಅಣ್ಣ ಕಾಯಿಲೆ ಬೀಳುವ ಹೊತ್ತಿಗೆ ಮದ್ದು ಹುಟ್ಟಿ ಇಪ್ಪತ್ತಾರು ವರ್ಷವಾಗಿತ್ತು. ಅದು ಪ್ಯಾರಿಸ್ಸಿನಿಂದ ಬೆಂಗಳೂರಿಗೆ ಬಂದಾಗಿತ್ತು. ಬೆಂಗಳೂರಿನಿಂದ ಅಂಬ್ಲಿಗೊಳದ ಕೊಟ್ಟಿಗೆಗೆ ಬರಲು ಇನ್ನೂ ಏಳೆಂಟು ವರ್ಷ ಹಿಡಿಯಿತು.

ಅಡ್ಡಿಯಾದದ್ದು ಬಸ್ಸಿನ ದಾರಿಯೊಂದೇ ಅಲ್ಲ. ಮಾನಸಿಕ ಆಸ್ಪತ್ರೆ ಎಂದರೆ ಒಳಗೆ ಹೋದವರು ಹೊರಗೆ ಬರದ ಜಾಗ ಎಂದು ಜನ ನಂಬಿದ್ದರು. ತ್ರಿವೇಣಿಯವರ ಕಾದಂಬರಿಯನ್ನು ಆಧರಿಸಿ ಪುಟ್ಟಣ್ಣ ಕಣಗಾಲ್ 1971ರಲ್ಲಿ ಮಾಡಿದ 'ಶರಪಂಜರ'ವನ್ನು ನಮ್ಮ ಮನೆಯ ಹೆಂಗಸರೂ ಟೆಂಟಿನಲ್ಲಿ ಕೂತು ನೋಡಿ ಅತ್ತಿದ್ದರು. ಹೆರಿಗೆಯ ನಂತರ ಮನಸ್ಸು ಕದಡಿದ ಆ ನಾಯಕಿ ಆಸ್ಪತ್ರೆಯಲ್ಲಿ ಗುಣವಾಗಿಯೇ ಬರುತ್ತಾಳೆ. ಅವಳನ್ನು ಮತ್ತೆ ಮುರಿಯುವುದು ಮನೆ ಮತ್ತು ನೆರೆಹೊರೆ. ಚಿತ್ರ ಹೇಳಿದ್ದು ಅದು. ಊರು ಇಟ್ಟುಕೊಂಡದ್ದು ನಾಯಕಿಯಾಗಿದ್ದ ಕಲ್ಪನಾ ಅವರ ನಗು ಮತ್ತು ಹುಚ್ಚಾಸ್ಪತ್ರೆಯ ಭಯ ಮಾತ್ರ.

ಅಣ್ಣನಿಗೆ ದಾರಿ ತೆರೆದದ್ದು ಊರಿನ ಪ್ರಾಥಮಿಕ ಶಾಲೆಯ ಮೇಷ್ಟ್ರು. ಅವರು ಪತ್ರಿಕೆಗಳಲ್ಲಿ ಬರುತ್ತಿದ್ದ ಮನೋವೈದ್ಯರ ಲೇಖನ ಓದುತ್ತಿದ್ದರು. ಆ ವರ್ಷಗಳಲ್ಲಿ ಮಲೆನಾಡಿನ ಜನ ಈ ವಿಷಯವನ್ನು ಬಾಯಿಬಿಟ್ಟು ಮಾತಾಡುವಂತೆ ಮಾಡಿದವರಲ್ಲಿ ಶಿವಮೊಗ್ಗದ ಡಾ. ಅಶೋಕ ಪೈ ಮುಖ್ಯರು. ಆಸ್ಪತ್ರೆ ನಡೆಸಿದರು, ಬರೆದರು, ಊರೂರಿಗೆ ಹೋಗಿ ಭಾಷಣ ಮಾಡಿದರು. ಮನಸ್ಸಿನ ಕಾಯಿಲೆಯ ಕಥೆಯನ್ನು ಜನ ನೋಡಲೆಂದು ಸಿನಿಮಾವನ್ನೂ ತೆಗೆದರು. ಅವರು ನಿರ್ಮಿಸಿ, ಸುರೇಶ್ ಹೆಬ್ಳೀಕರ್ ನಿರ್ದೇಶಿಸಿದ 'ಕಾಡಿನ ಬೆಂಕಿ' ರಾಷ್ಟ್ರಪ್ರಶಸ್ತಿ ಪಡೆಯಿತು. 2016ರಲ್ಲಿ ಅವರು ತೀರಿಕೊಂಡರು. ಆಚೆ ನಿಮ್ಹಾನ್ಸ್‌ನ ಡಾ. ಸಿ. ಆರ್. ಚಂದ್ರಶೇಖರ್ ಸಣ್ಣಸಣ್ಣ ಪುಸ್ತಕಗಳಲ್ಲಿ, ಹಳ್ಳಿಯವರಿಗೂ ಅರ್ಥವಾಗುವ ಕನ್ನಡದಲ್ಲಿ ಬರೆಯುತ್ತಲೇ ಹೋದರು. 2024ರಲ್ಲಿ ಅವರಿಗೆ ಪದ್ಮಶ್ರೀ ಬಂತು. ವೈದ್ಯಕೀಯವನ್ನು ಕನ್ನಡದಲ್ಲಿ ಹೇಳುವುದೂ ಚಿಕಿತ್ಸೆಯ ಒಂದು ಭಾಗ ಎಂದು ನಾನು ನಂಬಿದ್ದರೆ, ಅದಕ್ಕೆ ನಮ್ಮ ಮನೆಯೇ ಸಾಕ್ಷಿ.

ಮೇಷ್ಟ್ರು ಮತ್ತು ದೊಡ್ಡಪ್ಪ ಅಣ್ಣನನ್ನು ಶಿವಮೊಗ್ಗಕ್ಕೆ ಕರೆದೊಯ್ದರು. ವೈದ್ಯರು ಮೊದಲು ಕೇಳಿದ ಪ್ರಶ್ನೆ "ಯಾವಾಗಿಂದ?" ಎಂದು. ದೊಡ್ಡಪ್ಪ ರೇಡಿಯೊ ಸೆಲ್ಲಿನ ದಿನದಿಂದ ಲೆಕ್ಕ ಹೇಳಿದರು. ವೈದ್ಯರು ಕೆದಕಿ ಕೆದಕಿ ದಸರಾ ರಜೆಯವರೆಗೆ ಹೋದರು. ಮಾತ್ರೆ ಶುರುವಾಯಿತು. ಕೆಲವು ತಿಂಗಳಾದ ಮೇಲೆ ಫ್ಲೂಫೆನಝೀನ್ ಎಂಬ ಇಂಜೆಕ್ಷನ್. ಎಣ್ಣೆಯಲ್ಲಿ ಬೆರೆಸಿದ ಆ ಮದ್ದನ್ನು ಸೊಂಟಕ್ಕೆ ಚುಚ್ಚಿದರೆ ಮೂರು ನಾಲ್ಕು ವಾರ ಮೈಯೊಳಗೆ ನಿಧಾನವಾಗಿ ಬಿಡುಗಡೆಯಾಗುತ್ತದೆ. ದಿನವೂ ಮಾತ್ರೆಗಾಗಿ ಜಗಳವಾಡುವ ಮನೆಗೆ ಅದು ದೊಡ್ಡ ಅನುಕೂಲ.

ಮೊದಲ ತಿಂಗಳಲ್ಲಿ ನಿದ್ದೆ ಬಂತು, ರಂಪ ನಿಂತಿತು, ಕಂಬದಿಂದ ಬಿಚ್ಚಿದರು. ಧ್ವನಿಗಳು ದೂರವಾಗಲು ಹೆಚ್ಚು ಕಾಲ ಬೇಕಾಯಿತು. ಆದರೆ ಮೈ ಬಿಗಿಯಿತು, ಕೈ ನಡುಗಿತು, ಜೊಲ್ಲು ಸುರಿಯಿತು. ಮದ್ದು ಕೊಟ್ಟು ಹುಡುಗನನ್ನು ಹಾಳುಮಾಡಿದರು ಎಂದು ಊರು ಮಾತಾಡಿತು. ಅದು ಆ ಔಷಧದ ಅಡ್ಡಪರಿಣಾಮ, ಅದಕ್ಕೆ ಬೇರೆ ಮಾತ್ರೆ ಇದೆ, ಪ್ರಮಾಣ ಇಳಿಸಿದರೆ ತಗ್ಗುತ್ತದೆ. ಇಷ್ಟು ತಿಳಿಯುವುದರೊಳಗೆ ಮನೆಯವರು ಚಿಕಿತ್ಸೆ ನಿಲ್ಲಿಸಿದ್ದರು. ಆರಾಮಾದನಲ್ಲ, ಇನ್ನೇಕೆ ಎಂಬುದು ಇನ್ನೊಂದು ಕಾರಣ. ಮಳೆಗಾಲ ಬರುವಷ್ಟರಲ್ಲಿ ಏರಿಯ ಆಚೆಯ ಇಬ್ಬರು ಮರಳಿ ಬಂದರು. ಮದ್ದು ಬಿಟ್ಟವರಲ್ಲಿ ಹೆಚ್ಚಿನವರಿಗೆ ಹೀಗೆಯೇ ಆಗುತ್ತದೆ. ಪ್ರತಿ ಸಲ ಮರುಕಳಿಸಿದಾಗಲೂ ಹಿಂದಿನ ಮಟ್ಟಕ್ಕೆ ಏರುವುದು ಕಷ್ಟವಾಗುತ್ತದೆ. ಎರಡನೆಯ ಸಲ ಶುರುಮಾಡಿದ ಮದ್ದನ್ನು ದೊಡ್ಡವ್ವ ತಾವು ಬದುಕಿರುವವರೆಗೆ ತಪ್ಪಿಸಲಿಲ್ಲ.

ಅಣ್ಣ ಪೂರ್ತಿ ಮೊದಲಿನಂತಾಗಲಿಲ್ಲ. ಲೆಕ್ಕದ ಪುಸ್ತಕ ಮತ್ತೆ ಮುಟ್ಟಲಿಲ್ಲ. ಆದರೆ ಬೆಳಿಗ್ಗೆ ಡೈರಿಗೆ ಹಾಲು ಹಾಕಿದ, ತೋಟಕ್ಕೆ ನೀರು ಬಿಟ್ಟ, ಅಡಿಕೆ ಸುಲಿಯುವ ಕಾಲದಲ್ಲಿ ಎಲ್ಲರ ಜೊತೆ ಕೂತ, ತಂಗಿಯ ಮಕ್ಕಳನ್ನು ಹೆಗಲ ಮೇಲೆ ಹೊತ್ತು ಜಾತ್ರೆ ತೋರಿಸಿದ. ಧ್ವನಿಗಳ ಬಗ್ಗೆ ಒಮ್ಮೆ ಕೇಳಿದಾಗ ಹೇಳಿದ: "ಈಗಲೂ ಮಾತಾಡ್ತಾವೆ. ನಾನೇ ಕಿವಿ ಕೊಡಲ್ಲ." ಚೇತರಿಕೆಯನ್ನು ಇದಕ್ಕಿಂತ ಚೆನ್ನಾಗಿ ವಿವರಿಸಿದ ಮಾತನ್ನು ನಾನು ಯಾವ ಪುಸ್ತಕದಲ್ಲೂ ಓದಿಲ್ಲ. ಈ ಕಾಯಿಲೆ ಬಂದವರಲ್ಲಿ ಮೂವರಲ್ಲಿ ಒಬ್ಬರಾದರೂ ಪೂರ್ಣ ಚೇತರಿಸಿಕೊಳ್ಳಬಲ್ಲರು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಉಳಿದವರಲ್ಲಿ ಅನೇಕರು ಅಣ್ಣನಂತೆ ಅರ್ಧ ದಾರಿಯಲ್ಲಿ ನೆಲೆ ನಿಲ್ಲುತ್ತಾರೆ. ಅದೂ ಬದುಕೇ.

1960ರ ದಶಕದ ಕೊನೆಯಲ್ಲಿ ಇದೇ ಸಂಸ್ಥೆ ಒಂಬತ್ತು ದೇಶಗಳಲ್ಲಿ ಒಂದು ದೊಡ್ಡ ಅಧ್ಯಯನ ಶುರುಮಾಡಿತು. ಭಾರತದ ಕೇಂದ್ರ ಆಗ್ರಾ. ಸ್ಕಿಜೋಫ್ರೇನಿಯಾ ಬಂದವರು ಶ್ರೀಮಂತ ದೇಶಗಳಿಗಿಂತ ಭಾರತ, ನೈಜೀರಿಯಾದಂಥ ಕಡೆ ಚೆನ್ನಾಗಿ ಚೇತರಿಸಿಕೊಂಡಂತೆ ಅದರಲ್ಲಿ ಕಂಡಿತು. ಕೂಡುಕುಟುಂಬದ ಆಸರೆ, ಹೊಲದ ಕೆಲಸ ಇದಕ್ಕೆ ಕಾರಣವಿರಬಹುದು ಎಂದರು. ಇದು ಪೂರ್ತಿ ನಿಜವೇ ಎಂಬ ವಾದ ಇನ್ನೂ ಮುಗಿದಿಲ್ಲ. ನಮ್ಮ ಮನೆಯಲ್ಲಿ ಕಂಡದ್ದನ್ನಷ್ಟೇ ನಾನು ಹೇಳಬಲ್ಲೆ. ಅಣ್ಣನಿಗೆ ಎಂದೂ ಅನ್ನ, ಸೂರು, ಕೈಗೆ ಕೆಲಸ ತಪ್ಪಲಿಲ್ಲ. ಅರ್ಜಿ ಹಾಕಿ ಸಂದರ್ಶನಕ್ಕೆ ಹೋಗಬೇಕಿಲ್ಲದ ಕೆಲಸ ಅದು, ನಿಧಾನವಾಗಿ ಮಾಡಿದರೂ ನಡೆಯುತ್ತಿತ್ತು. ಆದರೆ ಮದ್ದು ಬರುವ ಮುನ್ನವೂ ಅದೇ ಮನೆ, ಅದೇ ತೋಟ ಇದ್ದವು. ಮದ್ದು ಬಂದ ಮೇಲಷ್ಟೇ ಆ ಆಸರೆ ಅವನಿಗೆ ಉಪಯೋಗಕ್ಕೆ ಬಂತು. ಸದಾ ಬೈಯುವ, ಹಂಗಿಸುವ ಮನೆಯಲ್ಲಿ ಕಾಯಿಲೆ ಬೇಗ ಮರುಕಳಿಸುತ್ತದೆ ಎಂದು ಲಂಡನ್ನಿನ ಸಂಶೋಧಕರು ಬಹಳ ಹಿಂದೆಯೇ ತೋರಿಸಿದ್ದರು. ದೊಡ್ಡಪ್ಪ ಬೈಯುವುದನ್ನು ಬಿಟ್ಟ ವರ್ಷದಿಂದ ಅಣ್ಣ ಅಂಗಳಕ್ಕೆ ಬಂದು ಎಲ್ಲರ ಜೊತೆ ಉಣ್ಣತೊಡಗಿದ ಎಂಬುದನ್ನು ನಾನೇ ನೋಡಿದ್ದೇನೆ.

ಕಾರಣವೇನು ಎಂದು ದೊಡ್ಡವ್ವ ಸಾಯುವತನಕ ಕೇಳುತ್ತಿದ್ದರು. ತಾವು ಬಸುರಿಯಾಗಿದ್ದಾಗ ಗ್ರಹಣ ನೋಡಿದ್ದು, ಹುಡುಗನನ್ನು ಮುದ್ದು ಮಾಡಿದ್ದು, ಹೊಡೆಯಲು ಬಿಟ್ಟದ್ದು, ಎಲ್ಲವನ್ನೂ ಮೈಮೇಲೆ ಎಳೆದುಕೊಂಡಿದ್ದರು. ಇವು ಯಾವುವೂ ಕಾರಣವಲ್ಲ. ಇದಕ್ಕೆ ಒಂದೇ ಮೂಲ ಇಲ್ಲ. ಹಲವು ಜೀನುಗಳು ಸೇರಿ ಒಲವು ಕೊಡುತ್ತವೆ. ಸಾಮಾನ್ಯವಾಗಿ ಜೀವಮಾನದಲ್ಲಿ ನೂರರಲ್ಲಿ ಒಬ್ಬರಿಗಿರುವ ಅಪಾಯ, ತಂದೆ ಅಥವಾ ತಾಯಿಗೆ ಇದ್ದರೆ ನೂರರಲ್ಲಿ ಹತ್ತರ ಸುಮಾರಿಗೆ ಏರುತ್ತದೆ. ಹಾಗೆಂದರೆ ಅಂಥವರ ಮಕ್ಕಳಲ್ಲೂ ತೊಂಬತ್ತು ಮಂದಿಗೆ ಬರುವುದಿಲ್ಲ. ತದ್ರೂಪಿ ಅವಳಿಗಳಲ್ಲಿ ಒಬ್ಬರಿಗೆ ಬಂದರೆ ಇನ್ನೊಬ್ಬರಿಗೆ ಬಂದೇ ಬರುತ್ತದೆ ಎಂದೇನೂ ಇಲ್ಲ. ಗರ್ಭದಲ್ಲಿ, ಹೆರಿಗೆಯಲ್ಲಿ ಆಗುವ ತೊಂದರೆ, ಎಳೆವಯಸ್ಸಿನ ಗಾಂಜಾ ಚಟ, ಬದುಕಿನ ತೀವ್ರ ಒತ್ತಡ ಇವು ಆ ಒಲವಿನ ಜೊತೆ ಸೇರಿಕೊಳ್ಳುತ್ತವೆ. ಗಾಂಜಾದ ಮಾತು ಈಗ ಮುಖ್ಯ. ಪಕ್ಕದ ಕೇರಿಯ ಹುಡುಗನ ವಿಷಯದಲ್ಲಿ ಅದೂ ಇತ್ತು. ಹಾಗೆಯೇ ಸಿನಿಮಾಗಳು ತೋರಿಸುವ 'ಒಬ್ಬರೊಳಗೆ ಇಬ್ಬರು' ಬೇರೆ ಸಮಸ್ಯೆ, ಇದಲ್ಲ. ಈ ಕಾಯಿಲೆಯವರೆಲ್ಲ ಹೊಡೆಯುವವರು ಎಂಬುದೂ ಸುಳ್ಳು. ಅಣ್ಣ ಒಮ್ಮೆ ಕತ್ತಿ ಹಿಡಿದ. ಅವನ ಮೇಲೆ ಊರಿನ ಮಕ್ಕಳು ಎಷ್ಟು ಸಲ ಕಲ್ಲೆಸೆದರೋ ಲೆಕ್ಕವಿಲ್ಲ.

ಈಗ ಏನಾಗಿದೆ? ನಮ್ಮ ಜಿಲ್ಲೆಯದೇ ತೀರ್ಥಹಳ್ಳಿ ತಾಲ್ಲೂಕಿನಲ್ಲಿ 2005ರ ಸುಮಾರಿಗೆ ನಿಮ್ಹಾನ್ಸ್ ವೈದ್ಯರು ಒಂದು ಕೆಲಸ ಆರಂಭಿಸಿದರು. ಹಳ್ಳಿಹಳ್ಳಿಯಲ್ಲಿ ಸ್ಕಿಜೋಫ್ರೇನಿಯಾ ಇರುವವರನ್ನು ಆರೋಗ್ಯ ಕಾರ್ಯಕರ್ತೆಯರ ಮೂಲಕ ಹುಡುಕಿ, ಅಲ್ಲಿಯೇ ಚಿಕಿತ್ಸೆ ಕೊಟ್ಟು, ವರ್ಷಗಟ್ಟಲೆ ಹಿಂಬಾಲಿಸಿದರು. ಎಷ್ಟೋ ಮಂದಿ ಒಂದು ಮಾತ್ರೆಯನ್ನೂ ಕಾಣದೆ ಮನೆಯ ಮೂಲೆಯಲ್ಲಿದ್ದರು. ಅಗ್ಗದ ಹಳೆಯ ಔಷಧಗಳಿಂದಲೇ ಅವರ ದಿನನಿತ್ಯದ ಅಸಹಾಯಕತೆ ಗಣನೀಯವಾಗಿ ತಗ್ಗಿತು. ಇದು ನಮ್ಮ ಕಾಡುತೋಟಗಳ ನಡುವೆಯೇ ಸಾಬೀತಾದ ಮಾತು. ಮುಂದೆ ರಾಜ್ಯ ಸರ್ಕಾರದ ಮನೋಚೈತನ್ಯ ಕಾರ್ಯಕ್ರಮದಲ್ಲಿ ಮನೋವೈದ್ಯರು ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಗಳಿಗೆ ಬರುವ ಏರ್ಪಾಡಾಯಿತು. 2022ರ ಅಕ್ಟೋಬರಿನಿಂದ ಟೆಲಿ ಮಾನಸ್ ಇದೆ. 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು, ಹಣ ಕೊಡಬೇಕಿಲ್ಲ.

ಕಾನೂನೂ ಬದಲಾಗಿದೆ. 2001ರ ಆಗಸ್ಟ್ 6ರಂದು ತಮಿಳುನಾಡಿನ ಏರ್ವಾಡಿಯಲ್ಲಿ ಸರಪಳಿಯಲ್ಲಿದ್ದ 28 ಮನೋರೋಗಿಗಳು ಬೆಂಕಿಯಲ್ಲಿ ಸತ್ತರು. ಓಡಲು ಕಾಲಿಗೆ ಬಿಡುಗಡೆಯಿರಲಿಲ್ಲ. ಆ ಸುದ್ದಿ ಬಂದ ದಿನ ನಾನು ನೆನೆದದ್ದು ಅಣ್ಣನ ಕಣಕಾಲಿನ ಗಾಯವನ್ನು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಸರಪಳಿಯನ್ನು ಯಾವ ರೂಪದಲ್ಲೂ ನಿಷೇಧಿಸಿದೆ. ಅರಿವಳಿಕೆ ಇಲ್ಲದೆ ಕರೆಂಟ್ ಚಿಕಿತ್ಸೆ ಕೊಡುವುದನ್ನೂ ನಿಷೇಧಿಸಿದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಮಾನಸಿಕ ಕಾಯಿಲೆಯೂ ಸೇರಿದೆ, ಪ್ರಮಾಣಪತ್ರ ಪಡೆಯಬಹುದು. ಔಷಧಗಳೂ ಬದಲಾಗಿವೆ. ರಿಸ್ಪೆರಿಡೋನ್, ಒಲಾಂಝಪೀನ್‌ನಂಥವು ಮೈಯನ್ನು ಅಷ್ಟು ಬಿಗಿಸುವುದಿಲ್ಲ. ಬೇರೆ ಯಾವುದಕ್ಕೂ ಬಗ್ಗದ ಕಾಯಿಲೆಗೆ ಕ್ಲೋಝಪೀನ್ ಇದೆ, ಅದಕ್ಕೆ ಆಗಾಗ ರಕ್ತಪರೀಕ್ಷೆ ಬೇಕು. ಹೊಸ ಮದ್ದುಗಳಿಂದ ತೂಕ, ಸಕ್ಕರೆ ಏರುವ ಅಪಾಯ ಇದೆ. ಈ ಕಾಯಿಲೆಯವರು ಸರಾಸರಿಯಲ್ಲಿ ಉಳಿದವರಿಗಿಂತ ಹಲವು ವರ್ಷ ಮೊದಲೇ ಸಾಯುತ್ತಾರೆ. ಹೆಚ್ಚಾಗಿ ಹೃದಯದ ಕಾಯಿಲೆಯಂಥ ದೇಹದ ತೊಂದರೆಗಳಿಂದ. ಮನಸ್ಸಿನ ಕಾಯಿಲೆಯವರ ಎದೆನೋವನ್ನು ಯಾರೂ ಎದೆನೋವೆಂದು ನಂಬುವುದಿಲ್ಲ ಎಂಬುದೂ ಒಂದು ಕಾರಣ. ಅಣ್ಣ ಅರವತ್ತು ಮುಟ್ಟಲಿಲ್ಲ, ಹೃದಯಾಘಾತದಿಂದ ಹೋದ.

ಪಕ್ಕದ ಕೇರಿಯ ಹುಡುಗನನ್ನು ತಾಲ್ಲೂಕು ಆಸ್ಪತ್ರೆಗೆ ಕರೆದೊಯ್ದದ್ದು ಆಶಾ ಕಾರ್ಯಕರ್ತೆ. ಈಗ ಅವನು ಶುಂಠಿ ಗದ್ದೆಯಲ್ಲಿ ದುಡಿಯುತ್ತಾನೆ, ಬೈಕ್ ಓಡಿಸುತ್ತಾನೆ, ಮಾತ್ರೆ ನುಂಗುತ್ತಾನೆ. ಆದರೆ ಅವನೂ ಅಲ್ಲಿಗೆ ಹೋಗುವ ಮುಂಚೆ ಎಂಟೊಂಬತ್ತು ತಿಂಗಳು ಕಳೆದಿದ್ದವು. ಅದರಲ್ಲಿ ಒಂದು ನಿಮಿತ್ತ, ಒಂದು ತಡೆ ಒಡೆಸುವ ಶಾಸ್ತ್ರ, ವಿಡಿಯೊದಲ್ಲಿ ನೋಡಿದ ಒಂದು ಕಷಾಯ ಸೇರಿದ್ದವು. ಏಳೆಂಟು ವರ್ಷ ಎಂಟೊಂಬತ್ತು ತಿಂಗಳಿಗೆ ಇಳಿದಿದೆ. ನಾಲ್ಕು ದಶಕಗಳ ನಿಜವಾದ ಗಳಿಕೆ ಇದು, ಸಣ್ಣದಲ್ಲ. ಆಸ್ಪತ್ರೆಯ ದಾರಿ ಹತ್ತಿರವಾಗಿದೆ, ಮನಸ್ಸಿನೊಳಗಿನ ದಾರಿ ಅಷ್ಟು ಹತ್ತಿರವಾಗಿಲ್ಲ. ಈಗಲೂ ಕಾಯಿಲೆ ಮುಚ್ಚಿಟ್ಟು ಮದುವೆ ಮಾಡುತ್ತಾರೆ. ಹೆಂಗಸರಿಗೆ ಬಂದರೆ ತವರಿಗೆ ಅಟ್ಟುತ್ತಾರೆ, ಮಾತ್ರೆಯ ಖರ್ಚನ್ನು ಮುಪ್ಪಿನ ಅಪ್ಪ ಅವ್ವ ಹೊರುತ್ತಾರೆ. ಆರಾಮಾದ ತಿಂಗಳಿಗೇ ಮದ್ದು ನಿಲ್ಲಿಸುತ್ತಾರೆ.

ಲೋಕದಲ್ಲಿ ಯಾವುದೇ ಹೊತ್ತಿನಲ್ಲಿ ಸುಮಾರು ಮುನ್ನೂರು ಜನರಿಗೆ ಒಬ್ಬರಂತೆ ಈ ಕಾಯಿಲೆ ಇರುತ್ತದೆ. ಶಿಕಾರಿಪುರ ತಾಲ್ಲೂಕಿನಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಜನರಿದ್ದಾರೆ. ಈ ಲೆಕ್ಕ ಹಿಡಿದರೆ ನಮ್ಮ ತಾಲ್ಲೂಕೊಂದರಲ್ಲೇ ಆರೇಳು ನೂರು ಮನೆಗಳಲ್ಲಿ ಈ ಕಥೆ ನಡೆಯುತ್ತಿರಬೇಕು. ಚಿಕಿತ್ಸೆ ಇಲ್ಲದೆ ಕಳೆಯುವ ಅವಧಿ ಉದ್ದವಾದಷ್ಟೂ ಚೇತರಿಕೆ ಕುಂಠಿತವಾಗುತ್ತದೆ ಎಂಬುದನ್ನು ಅಧ್ಯಯನಗಳು ಮತ್ತೆ ಮತ್ತೆ ಹೇಳಿವೆ. ಅಣ್ಣನ ಲೆಕ್ಕದ ಪುಸ್ತಕವನ್ನು ಕಸಿದದ್ದು ಕಾಯಿಲೆ ಎಷ್ಟೋ, ಆ ಏಳೆಂಟು ವರ್ಷಗಳೂ ಅಷ್ಟೇ.

ಹಾಗಾಗಿ ಹೇಳುವುದಿಷ್ಟು. ನಿಮ್ಮ ಮನೆಯಲ್ಲಿ ಹದಿನೆಂಟು, ಇಪ್ಪತ್ತರ ಮಗನೋ ಮಗಳೋ ತಿಂಗಳುಗಟ್ಟಲೆ ಓದು, ಗೆಳೆತನ, ಸ್ನಾನ ಬಿಟ್ಟು ಮೂಲೆ ಸೇರಿದ್ದರೆ ಬೈಯಬೇಡಿ. ಯಾರೂ ಇಲ್ಲದ ಕಡೆ ಮಾತಾಡುತ್ತಿದ್ದರೆ ವಾದಕ್ಕೆ ಇಳಿಯಬೇಡಿ. ಬರುವ ಮಂಗಳವಾರವೇ ತಾಲ್ಲೂಕು ಆಸ್ಪತ್ರೆಗೆ ಕರೆದೊಯ್ಯಿರಿ, ಅದಕ್ಕೂ ಮುನ್ನ 14416ಕ್ಕೆ ಕರೆ ಮಾಡಿ. ಹರಕೆ ಇದ್ದರೆ ಆಮೇಲೆ ತೀರಿಸಿ. ಚೌಡಿ ಕಾಯುತ್ತಾಳೆ, ಮಿದುಳು ಕಾಯುವುದಿಲ್ಲ.